ಆಂತರಿಕ ಸಂಘರ್ಷದ ನಡುವೆ ಹಳ್ಳಿಯ ಯುವಜನರೊಂದಿಗೆ ಶಾಂತಿಯ ಕೆಲಸ: ಕಾರ್ಯಕರ್ತರಿಗೆ ಒಂದು ಕೈಪಿಡಿ

ಆಂತರಿಕ ಸಂಘರ್ಷ ಇನ್ನೂ ಮುಗಿಯದ ಪ್ರದೇಶದಲ್ಲಿ ಹಳ್ಳಿಯ ಯುವಜನರನ್ನು ಶಾಂತಿಯ ಕೆಲಸದಲ್ಲಿ ತೊಡಗಿಸಲು ಹೊರಟ ಸಂಸ್ಥೆಗಳು ಬಹುಮಟ್ಟಿಗೆ ಒಂದೇ ದಾರಿ ಹಿಡಿಯುತ್ತವೆ: ಹತ್ತಿರದ ಪಟ್ಟಣದಲ್ಲಿ ಕೆಲವು ದಿನಗಳ ಶಿಬಿರ, ಘೋಷಣೆ ಅಚ್ಚಾದ ಟೀ ಶರ್ಟು, ಕೊನೆಯ ದಿನ ಪ್ರಮಾಣಪತ್ರ ಮತ್ತು ಗುಂಪು ಫೋಟೊ. ಶಿಬಿರ ಮುಗಿಸಿ ಹೊರಟ ಹುಡುಗನನ್ನು ದಾರಿಯ ಚೆಕ್‌ಪೋಸ್ಟಿನಲ್ಲಿ ತಡೆದು, ಆ ಅಂಗಿ ಕೊಟ್ಟವರು ಯಾರು, ಯಾಕೆ ಕೊಟ್ಟರು ಎಂದು ಕೇಳಿದರೆ ಏನು ಹೇಳಬೇಕೆಂಬುದನ್ನು ಅವನಿಗೆ ಯಾರೂ ಕಲಿಸಿರುವುದಿಲ್ಲ. ಊರು ಸೇರಿದ ಮೇಲೆ ಮಾಡಲು ಅವನ ಕೈಯಲ್ಲಿ ಕೆಲಸವೂ ಇರುವುದಿಲ್ಲ. ಹಳ್ಳಿಯ ಯುವಕ ಯುವತಿಯರು ಶಾಂತಿಯ ಪಾಲುದಾರರಾಗಬೇಕಾದರೆ ಊರಿಗೆ ನಿಜವಾಗಿ ಬೇಕಾದ ಒಂದು ಜವಾಬ್ದಾರಿ ಅವರ ಪಾಲಿಗೆ ಬರಬೇಕು, ಅದರ ಬಗ್ಗೆ ತೀರ್ಮಾನಿಸುವ ಅಧಿಕಾರವೂ ಅವರಿಗಿರಬೇಕು, ಮತ್ತು ಆ ಕೆಲಸ ಅವರ ಜೀವಕ್ಕೆ ಎರವಾಗದಂತೆ ಹಿರಿಯರೂ ಸಂಸ್ಥೆಯೂ ನೋಡಿಕೊಳ್ಳಬೇಕು. ಉಪದೇಶದಿಂದ ಇದು ಆಗುವುದಿಲ್ಲ. ಹಳ್ಳಿಗಳಲ್ಲಿ ದುಡಿಯುವ ಸಂಸ್ಥೆಗಳ ಕಾರ್ಯಕರ್ತರು, ಶಿಕ್ಷಕರು, ರೈತ ಸಂಘಟನೆಗಳವರು ಮತ್ತು ಧಾರ್ಮಿಕ ಮುಖಂಡರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೈಪಿಡಿಯನ್ನು ಬರೆಯಲಾಗಿದೆ.

ಒಂದು ಆಧಾರವನ್ನು ಮೊದಲೇ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರ ಡಿಸೆಂಬರ್ 9ರಂದು ಅಂಗೀಕರಿಸಿದ 2250ನೇ ನಿರ್ಣಯ 18ರಿಂದ 29 ವರ್ಷದವರನ್ನು ಯುವಜನರೆಂದು ಗುರುತಿಸಿ, ಸ್ಥಳೀಯ ಮಟ್ಟದಿಂದ ಅಂತಾರಾಷ್ಟ್ರೀಯ ಮಟ್ಟದವರೆಗಿನ ಎಲ್ಲ ನಿರ್ಧಾರಗಳಲ್ಲಿ ಅವರಿಗೆ ಹೆಚ್ಚಿನ ಪಾಲು ದೊರಕಿಸಬೇಕೆಂದು ಸದಸ್ಯ ರಾಷ್ಟ್ರಗಳನ್ನು ಒತ್ತಾಯಿಸಿತು. 2018ರ 2419 ಮತ್ತು 2020ರ 2535ನೇ ನಿರ್ಣಯಗಳು ಅದೇ ಜಾಡಿನಲ್ಲಿ ಮುಂದುವರಿದವು. ಈ ಸಂಖ್ಯೆಗಳನ್ನು ಊರಿನ ಸಭೆಯಲ್ಲಿ ಹೇಳಿ ಪ್ರಯೋಜನವಿಲ್ಲ. ಆದರೆ ಆಡಳಿತದವರ ಮುಂದೆ ಕುಳಿತು ಶಾಂತಿ ಸಮಿತಿಯಲ್ಲಿ ಯುವಜನರಿಗೆ ಸ್ಥಾನ ಕೇಳುವಾಗ, ನೀವು ಹೊಸದೊಂದು ಬೇಡಿಕೆಯನ್ನು ಮುಂದಿಡುತ್ತಿಲ್ಲ, ಅವರ ಸರ್ಕಾರವೂ ಬದ್ಧವಾಗಿರಬೇಕಾದ ಮಾತನ್ನೇ ನೆನಪಿಸುತ್ತಿದ್ದೀರಿ ಎಂದು ತೋರಿಸಲು ಅವು ಉಪಯೋಗಕ್ಕೆ ಬರುತ್ತವೆ.

ಸಂಘರ್ಷವನ್ನು ಊರಿನ ಮಟ್ಟದಲ್ಲಿ ಅರಿಯುವುದು

ರಾಜಧಾನಿಯಲ್ಲಿ ಬರೆಯಲಾದ ವರದಿಗಳಲ್ಲಿ ಸಂಘರ್ಷಕ್ಕೆ ಸಾಮಾನ್ಯವಾಗಿ ಎರಡು ಬಣಗಳಿರುತ್ತವೆ, ಒಂದು ಸಿದ್ಧಾಂತವಿರುತ್ತದೆ. ಹಳ್ಳಿಯಲ್ಲಿ ಅದೇ ಸಂಘರ್ಷ ಹಳೆಯ ಗಡಿ ತಗಾದೆ, ಮೇಲ್ಭಾಗದವರು ಕಟ್ಟಿ ನಿಲ್ಲಿಸಿದ ನೀರು, ಮುರಿದುಬಿದ್ದ ಸಂಬಂಧ, ಯಾರದೋ ಮೇಲಿನ ಹಗೆ ಇವೆಲ್ಲವನ್ನೂ ಒಳಗೆ ಎಳೆದುಕೊಂಡಿರುತ್ತದೆ. ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ನಡೆದ ಯುದ್ಧಕ್ಕೆ ವಜ್ರದ ಗಣಿಗಳೇ ಮೂಲವೆಂದು ಹೊರಗಿನವರು ಬಹುಕಾಲ ನಂಬಿದ್ದರು. ಆದರೆ ಬಂದೂಕು ಹಿಡಿದಿದ್ದ ಹಳ್ಳಿಯ ಯುವಕರನ್ನು ಮಾತಾಡಿಸಿದ ಸಂಶೋಧಕರಿಗೆ ಮತ್ತೆ ಮತ್ತೆ ಕೇಳಿಸಿದ್ದು ಬೇರೆಯೇ ದೂರು: ಸ್ಥಳೀಯ ಮುಖ್ಯಸ್ಥರು ಹಾಕುತ್ತಿದ್ದ ವಿಪರೀತ ದಂಡ, ದಂಡ ಕಟ್ಟಲಾರದವರಿಂದ ಮಾಡಿಸಿಕೊಳ್ಳುತ್ತಿದ್ದ ಬಿಟ್ಟಿ ದುಡಿಮೆ, ಮದುವೆಗೂ ಜಮೀನಿಗೂ ಹಿರಿಯರ ಕೃಪೆಯನ್ನೇ ಕಾಯಬೇಕಾಗಿದ್ದ ಸ್ಥಿತಿ. 2004ರಲ್ಲಿ ವರದಿ ಸಲ್ಲಿಸಿದ ಆ ದೇಶದ ಸತ್ಯ ಮತ್ತು ಸಾಮರಸ್ಯ ಆಯೋಗವೂ ಯುವಜನರನ್ನು ಅಂಚಿಗೆ ತಳ್ಳಿದ್ದನ್ನು ಯುದ್ಧದ ಕಾರಣಗಳಲ್ಲಿ ಒಂದೆಂದು ಗುರುತಿಸಿತು. ಇಂಥ ಊರಿಗೆ ಹೋಗಿ, ‘ಹಿರಿಯರ ಮಾತು ಕೇಳಿ, ಶಾಂತಿಯಿಂದಿರಿ’ ಎಂದು ಯುವಕರಿಗೆ ಹೇಳುವುದು ಗಾಯದ ಮೇಲೆ ಬರೆ ಎಳೆದಂತೆಯೇ ಸರಿ.

ಆದ್ದರಿಂದ ಮೊದಲ ಕೆಲವು ವಾರಗಳನ್ನು ಕೇಳಿಸಿಕೊಳ್ಳುವುದಕ್ಕೆಂದೇ ಮೀಸಲಿಡಿ. ಯುವಕರನ್ನೂ ಯುವತಿಯರನ್ನೂ ಬೇರೆ ಬೇರೆ ಸಣ್ಣ ಗುಂಪುಗಳಾಗಿ ಕೂರಿಸಿ, ಅಂಗಳದ ಮಣ್ಣಿನ ಮೇಲೆ ಕಡ್ಡಿಯಿಂದ ತಮ್ಮ ಊರನ್ನು ಬರೆಯಲು ಹೇಳಿ: ದಾರಿಗೆ ಗೆರೆ, ನೀರಿರುವ ಜಾಗಕ್ಕೆ ಎಲೆ, ಮೊದಲು ಹೋಗುತ್ತಿದ್ದು ಈಗ ಹೋಗಲು ಹೆದರುವ ಜಾಗಕ್ಕೆ ಕಲ್ಲು. ಹುಡುಗರು ಇಟ್ಟ ಕಲ್ಲೂ ಹುಡುಗಿಯರು ಇಟ್ಟ ಕಲ್ಲೂ ಒಂದೇ ಜಾಗದಲ್ಲಿ ಬೀಳುವುದು ಅಪರೂಪ. ಹುಡುಗರು ಚೆಕ್‌ಪೋಸ್ಟಿನ ರಸ್ತೆಯ ಮೇಲೆ ಕಲ್ಲಿಟ್ಟರೆ, ಹುಡುಗಿಯರು ಸೌದೆ ತರುವ ಕಾಲುದಾರಿಯ ಮೇಲೋ, ಕೆಲವೊಮ್ಮೆ ಊರೊಳಗಿನದೇ ಒಂದು ಮನೆಯ ಮುಂದೋ ಇಡಬಹುದು. ಆ ಕಲ್ಲನ್ನು ಯಾಕೆ ಅಲ್ಲಿಟ್ಟಿರಿ ಎಂದು ಎಲ್ಲರೆದುರು ಕೇಳಬೇಡಿ; ಹೇಳಬೇಕೆನಿಸಿದವರು ಆಮೇಲೆ ತಾವಾಗಿ ಹೇಳುತ್ತಾರೆ. ಪಡೆಗಳು ಎಲ್ಲಿ ಬೀಡುಬಿಟ್ಟಿವೆ, ಯಾವ ಹೊತ್ತಿಗೆ ಓಡಾಡುತ್ತವೆ ಎಂಬುದನ್ನು ಗುರುತಿಸಲು ಯಾರಾದರೂ ಮುಂದಾದರೆ ತಡೆಯಿರಿ. ಎಲ್ಲ ಮುಗಿದ ಮೇಲೆ ಆ ನಕ್ಷೆಯನ್ನು ಕಾಲಿನಿಂದ ಅಳಿಸಿಬಿಡಿ, ಫೋಟೊ ತೆಗೆಯಬೇಡಿ. ಕಾಗದದ ಮೇಲೆ ಬರೆದ ಅದೇ ನಕ್ಷೆ ಹುಡುಗನೊಬ್ಬನ ಜೇಬಿನಲ್ಲಿ ಸಿಕ್ಕಿದರೆ ಬೇಹುಗಾರಿಕೆಗೆ ಸಾಕ್ಷಿಯಾಗಲು ಅಷ್ಟು ಸಾಕು.

ನಕ್ಷೆಯಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಎರಡು ಸಂಗತಿ. ಯಾವ ವಿಷಯ ಜನರನ್ನು ಒಡೆಯುತ್ತಿದೆ ಎಂಬುದು ಒಂದಾದರೆ, ಇಷ್ಟೆಲ್ಲ ನಡೆದರೂ ಯಾವುದು ಅವರನ್ನು ಇನ್ನೂ ಕೂಡಿಸಿ ಇಟ್ಟಿದೆ ಎಂಬುದು ಇನ್ನೊಂದು. ಎರಡೂ ಕಡೆಯವರು ಬಳಸುವ ಸಂತೆ, ಶಾಲೆ, ಔಷಧಾಲಯ, ದನಕರುಗಳಿಗೆ ನೀರು ಕುಡಿಸುವ ಕಟ್ಟೆ, ಸುಗ್ಗಿಯಲ್ಲಿ ಆಳು ಬದಲಾಯಿಸಿಕೊಳ್ಳುವ ವಾಡಿಕೆ ಇವು ಮೇಲ್ನೋಟಕ್ಕೆ ತೀರ ಸಾಮಾನ್ಯವಾಗಿ ಕಂಡರೂ ಮುಂದಿನ ಕೆಲಸಕ್ಕೆಲ್ಲ ಅವೇ ಬುನಾದಿ.

ರಕ್ಷಣೆಯ ಮಾತು ಮೊದಲು

ಪಟ್ಟಣದಲ್ಲಿ ಒಬ್ಬ ಯುವಕ ಜನಜಂಗುಳಿಯಲ್ಲಿ ಮರೆಯಾಗಬಹುದು. ಹಳ್ಳಿಯಲ್ಲಿ ಯಾರು ಯಾರ ಮನೆಗೆ ಯಾವ ಹೊತ್ತಿಗೆ ಹೋದರೆಂಬುದು ಸಂಜೆಯೊಳಗೆ ಊರಿಗೆಲ್ಲ ತಿಳಿದಿರುತ್ತದೆ, ರಾತ್ರಿಯೊಳಗೆ ಶಸ್ತ್ರಧಾರಿಗಳಿಗೂ ತಲುಪಿರುತ್ತದೆ. ಗುಟ್ಟಾಗಿ ಕೆಲಸ ಮಾಡಿ ಸುರಕ್ಷಿತವಾಗಿರಬಹುದೆಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಸಭೆಯನ್ನು ಹಗಲಿನಲ್ಲಿ, ಎಲ್ಲರಿಗೂ ಕಾಣುವ ಜಾಗದಲ್ಲಿ ನಡೆಸಿ. ಏನು ಮಾತಾಡಿದಿರಿ ಎಂದು ಯಾರು ಕೇಳಿದರೂ ಒಂದೇ ಉತ್ತರ ಕೊಡಬಹುದಾದಷ್ಟು ತಿಳಿಯಾಗಿ ವಿಷಯವನ್ನು ಇಟ್ಟುಕೊಳ್ಳಿ. ಆ ಒಂದು ಉತ್ತರವನ್ನು ಯುವಜನರೇ ತಮ್ಮ ಮಾತಿನಲ್ಲಿ ರೂಪಿಸಿಕೊಳ್ಳಲಿ. ‘ನೀರಿನ ಕಟ್ಟೆ ದುರಸ್ತಿಗೆ ಎರಡೂ ಊರಿನವರು ಸೇರಿದ್ದೆವು, ಮುಂದಿನ ವಾರವೂ ಸೇರುತ್ತೇವೆ’ ಎಂಬಂಥ ಸರಳ ಮಾತು ಚೆಕ್‌ಪೋಸ್ಟಿನಲ್ಲಿ ‘ಸಂಘರ್ಷ ಪರಿವರ್ತನೆ’ ಎಂಬ ದೊಡ್ಡ ಪದಕ್ಕಿಂತ ಹೆಚ್ಚು ಕಾಪಾಡುತ್ತದೆ.

ಕಚೇರಿಯ ಪದ್ಧತಿಗಳಲ್ಲಿ ಕೆಲವನ್ನು ಇಲ್ಲಿ ಕೈಬಿಡಲೇಬೇಕಾಗುತ್ತದೆ. ಹೆಸರು, ಊರು, ಫೋನ್ ಸಂಖ್ಯೆ, ಸಹಿ ಇರುವ ಹಾಜರಿ ಪಟ್ಟಿ ಅವುಗಳಲ್ಲಿ ಮೊದಲನೆಯದು. ಹಣ ಕೊಡುವವರು ಅದನ್ನು ಕೇಳಿಯೇ ಕೇಳುತ್ತಾರೆ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಅವರೊಡನೆ ಮಾತಾಡಿ, ತಲೆ ಎಣಿಕೆ ಮತ್ತು ಸಂಕೇತ ಸಂಖ್ಯೆಯಷ್ಟೇ ಹಳ್ಳಿಯಲ್ಲಿರುತ್ತದೆ, ಮೂಲ ದಾಖಲೆ ಪ್ರದೇಶದ ಹೊರಗಿರುತ್ತದೆ ಎಂಬುದನ್ನು ಬರಹದಲ್ಲಿ ಒಪ್ಪಿಸಿಕೊಳ್ಳಿ. ಗುಂಪು ಫೋಟೊ, ಲಾಂಛನವಿರುವ ಚೀಲ, ವಾಟ್ಸ್‌ಆ್ಯಪ್ ಗುಂಪಿಗೆ ಇಟ್ಟ ಆಕರ್ಷಕ ಹೆಸರು ಇವೂ ಅಷ್ಟೇ ಅಪಾಯಕಾರಿ. ಫೋನನ್ನು ಯಾವ ಹೊತ್ತಿನಲ್ಲಿ ಬೇಕಾದರೂ ಯಾರಾದರೂ ಕಿತ್ತುಕೊಂಡು ತೆರೆದು ನೋಡಬಹುದೆಂಬ ಎಣಿಕೆಯಲ್ಲೇ ಎಲ್ಲ ಸಂದೇಶಗಳೂ ಇರಬೇಕು.

ಒಂದು ನಿಯಮಕ್ಕೆ ಮಾತ್ರ ವಿನಾಯಿತಿಯೇ ಇಲ್ಲ: ಯುವಜನರನ್ನು ಮಾಹಿತಿ ತರುವವರನ್ನಾಗಿ ಬಳಸಿಕೊಳ್ಳಬಾರದು. ಸೈನ್ಯಕ್ಕೂ ಇಲ್ಲ, ಬಂಡುಕೋರರಿಗೂ ಇಲ್ಲ, ನಿಮ್ಮ ಸಂಸ್ಥೆಯ ಭದ್ರತಾ ವರದಿಗೂ ಇಲ್ಲ. ಒಳ್ಳೆಯ ಉದ್ದೇಶದಿಂದಲೇ ಇಂಥ ಕೋರಿಕೆ ಬರುತ್ತದೆ, ಪರಿಚಯದ ಅಧಿಕಾರಿಯೊಬ್ಬರು ಚಹಾ ಕುಡಿಯುತ್ತ ಕೇಳಿದಂತೆ ಬರುತ್ತದೆ. ಒಮ್ಮೆ ಒಪ್ಪಿಕೊಂಡರೆ ಆ ಹುಡುಗ ಮಾತ್ರವಲ್ಲ, ಅವನ ಜೊತೆ ಸಭೆಯಲ್ಲಿ ಕುಳಿತವರೆಲ್ಲರೂ ಬಾತ್ಮೀದಾರರೆಂಬ ಹಣೆಪಟ್ಟಿ ಹೊರಬೇಕಾಗುತ್ತದೆ.

18 ವರ್ಷ ತುಂಬದವರ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು. 15ಕ್ಕಿಂತ ಕಿರಿಯರನ್ನು ಪಡೆಗೆ ಸೇರಿಸಿಕೊಳ್ಳುವುದನ್ನು ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನ ಯುದ್ಧಾಪರಾಧವೆಂದು ಸಾರಿದೆ. 2000ದಲ್ಲಿ ಅಂಗೀಕಾರವಾಗಿ 2002ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಐಚ್ಛಿಕ ಪ್ರೋಟೋಕಾಲ್ (ಮೂಲ ಒಡಂಬಡಿಕೆಗೆ ಸೇರಿಸಿದ ಹೆಚ್ಚುವರಿ ಒಪ್ಪಂದ), ಸರ್ಕಾರೇತರ ಸಶಸ್ತ್ರ ಗುಂಪುಗಳು 18ರೊಳಗಿನವರನ್ನು ಯಾವ ಸಂದರ್ಭದಲ್ಲೂ ನೇಮಿಸಿಕೊಳ್ಳಬಾರದೆನ್ನುತ್ತದೆ. ಶಾಂತಿಯ ಕೆಲಸ ಮಾಡುವವರು ಆ ವಯಸ್ಸಿನವರನ್ನು ಶಸ್ತ್ರಧಾರಿಗಳ ಎದುರು ತಂದು ನಿಲ್ಲಿಸುವುದು ತಕ್ಕುದಲ್ಲ. ಅವರಿಗೆ ಶಾಲೆ, ಆಟ, ನಾಟಕದಂಥ ಕೆಲಸ ಸಾಕು; ಅದಕ್ಕೂ ಮನೆಯವರ ಒಪ್ಪಿಗೆ ಬೇಕು.

ಯಾರನ್ನು ಕರೆಯಬೇಕು

ಕರೆದ ಕೂಡಲೇ ಬರುವವರು ಓದು ಬರಹ ಬಲ್ಲವರು, ಮುಖಂಡರ ಮನೆಯ ಮಕ್ಕಳು, ಹೊರಗಿನವರ ಮುಂದೆ ಸಂಕೋಚವಿಲ್ಲದೆ ಮಾತಾಡಬಲ್ಲವರು. ಅವರನ್ನು ಬೇಡವೆನ್ನಬೇಕಿಲ್ಲ, ಆದರೆ ಅವರಷ್ಟರಿಂದಲೇ ಗುಂಪು ತುಂಬಿಹೋದರೆ ಕೆಲಸ ಅಲ್ಲಿಗೇ ನಿಂತಿತೆಂದು ತಿಳಿಯಿರಿ. ಸಶಸ್ತ್ರ ಗುಂಪುಗಳು ಹುಡುಕುವವರು ಬೇರೆ: ಶಾಲೆ ಬಿಟ್ಟವರು, ಕೂಲಿಗೆ ವಲಸೆ ಹೋಗಿ ಬಂದವರು, ದನ ಕಾಯುವವರು, ಜಮೀನಿಲ್ಲದ ಮನೆಯವರು, ಅಣ್ಣನನ್ನೋ ತಂದೆಯನ್ನೋ ಕಳೆದುಕೊಂಡು ಕುದಿಯುತ್ತಿರುವವರು. ಇವರನ್ನು ಸಭೆಗೆ ಕರೆದು ಪ್ರಯೋಜನವಿಲ್ಲ, ಅವರಿರುವಲ್ಲಿಗೆ ನೀವೇ ಹೋಗಬೇಕು. ಹುಲ್ಲುಗಾವಲಿಗೆ, ಗಣಿಯ ಅಂಚಿಗೆ, ಬಸ್ಸು ನಿಲ್ಲುವ ಜಾಗಕ್ಕೆ.

ಬೇಸಾಯದ ದಿನಗಳನ್ನು ನೋಡಿಕೊಳ್ಳದೆ ಹಾಕಿದ ಯಾವ ಕಾರ್ಯಕ್ರಮವೂ ಹಳ್ಳಿಯಲ್ಲಿ ನಿಲ್ಲುವುದಿಲ್ಲ. ಬಿತ್ತನೆ ಮತ್ತು ಕೊಯ್ಲಿನ ವಾರಗಳಲ್ಲಿ ಸಭೆ ಕರೆಯಬೇಡಿ. ಎರಡು ಸುಗ್ಗಿಗಳ ನಡುವೆ ಕೈಗೆ ಕೆಲಸವಿಲ್ಲದ, ಮನೆಯಲ್ಲಿ ಕಾಳು ಕಡಿಮೆಯಾಗುವ ತಿಂಗಳುಗಳೇ ನೇಮಕಾತಿಗೆ ಬರುವವರಿಗೆ ಅನುಕೂಲದ ಕಾಲವಾದ್ದರಿಂದ, ನಿಮ್ಮ ಕೆಲಸವೂ ಆ ತಿಂಗಳುಗಳಲ್ಲಿ ಹೆಚ್ಚು ಬಿರುಸಾಗಿರಬೇಕು. ಬಂದವರಿಗೆ ದಾರಿ ಖರ್ಚು ಮತ್ತು ತಪ್ಪಿಹೋದ ದಿನದ ಕೂಲಿಯಷ್ಟನ್ನು ಕೊಡುವುದು ನ್ಯಾಯ. ಅದಕ್ಕಿಂತ ಹೆಚ್ಚು ಕೊಟ್ಟರೆ ಶಾಂತಿಯ ಕೆಲಸ ಒಂದು ನೌಕರಿಯಾಗಿ, ಅದಕ್ಕಾಗಿಯೇ ಊರಲ್ಲಿ ಹೊಸ ಜಗಳ ಹುಟ್ಟುತ್ತದೆ.

ಯುವತಿಯರನ್ನು ‘ಸೇರಿಸಿಕೊಳ್ಳುವುದು’ ಎಂದರೆ ಹಿಂದಿನ ಸಾಲಿನಲ್ಲಿ ಕೂರಿಸುವುದಲ್ಲ. ಅವರು ಎಷ್ಟು ಹೊತ್ತಿಗೆ ಮನೆ ಸೇರಬೇಕು, ಯಾರ ಜೊತೆಗೆ ಬರಬಹುದು, ಎಳೆಯ ಮಗುವಿದ್ದರೆ ನೋಡಿಕೊಳ್ಳುವವರು ಯಾರು ಎಂಬುದನ್ನು ಅವರಿಂದಲೇ ಕೇಳಿ ಅದರಂತೆ ವೇಳೆ ಗೊತ್ತುಮಾಡಿ. ಕೆನ್ಯಾದ ಈಶಾನ್ಯ ಭಾಗದ ವಜೀರ್‌ನಲ್ಲಿ 1990ರ ದಶಕದ ಆರಂಭದಲ್ಲಿ ಕುಲಗಳ ನಡುವಿನ ಕಾದಾಟ ಮಾರುಕಟ್ಟೆಯೊಳಕ್ಕೂ ನುಗ್ಗಿದ್ದಾಗ, ದೆಖಾ ಇಬ್ರಾಹಿಂ ಅಬ್ದಿ ಮತ್ತು ಅವರ ಜೊತೆಗಾರ್ತಿಯರು ಎಲ್ಲ ಕುಲದ ಹೆಂಗಸರೂ ನಿರ್ಭಯವಾಗಿ ಕೊಡುಕೊಳ್ಳುವಂತೆ ಮಾಡುವ ಕೆಲಸದಿಂದಲೇ ಆರಂಭಿಸಿದರು. ಅಲ್ಲಿಂದ ಮುಂದೆ ಹಿರಿಯರನ್ನೂ ಯುವಕರನ್ನೂ ಅಧಿಕಾರಿಗಳನ್ನೂ ಒಳಗೊಳ್ಳುತ್ತ ಹೋಗಿ 1995ರಲ್ಲಿ ವಜೀರ್ ಶಾಂತಿ ಮತ್ತು ಅಭಿವೃದ್ಧಿ ಸಮಿತಿ ರೂಪುಗೊಂಡಿತು. 2007ರಲ್ಲಿ ‘ಪರ್ಯಾಯ ನೊಬೆಲ್’ ಎಂದೇ ಹೆಸರಾದ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದ ದೆಖಾ ಅವರು ಆ ಕೆಲಸಕ್ಕೆ ಇಳಿದಾಗ ಮೂವತ್ತರ ಆಸುಪಾಸಿನವರು. ಯುವಜನರೆಂದ ಕೂಡಲೇ ಬರೀ ಗಂಡುಹುಡುಗರನ್ನೇ ನೆನೆಯುವ ಯೋಜನಾ ವರದಿಗಳನ್ನು ಓದುವಾಗಲೆಲ್ಲ ಈ ಉದಾಹರಣೆ ನೆನಪಾಗದೆ ಇರುವುದಿಲ್ಲ.

ಕೈಗೊಂದು ಕೆಲಸ

ಶಾಂತಿಯ ಬಗ್ಗೆ ಮಾತಾಡಲು ಎರಡು ಕಡೆಯ ಯುವಕರನ್ನು ಎದುರುಬದುರು ಕೂರಿಸಿದರೆ ಮೊದಲ ಗಂಟೆಯಲ್ಲೇ ಸತ್ತವರ ಲೆಕ್ಕ ಶುರುವಾಗುತ್ತದೆ. ಆ ಲೆಕ್ಕವನ್ನು ಮಾಡಲೇಬೇಕಾದ ದಿನ ಬರುತ್ತದೆ, ಆದರೆ ಮೊದಲ ದಿನವೇ ಅಲ್ಲ. ಎರಡೂ ಕಡೆಯವರಿಗೆ ಬೇಕಾದ, ಒಂದು ಕಡೆಯವರು ಮಾತ್ರ ಮಾಡಿದರೆ ಮುಗಿಯದ, ಕೆಲವೇ ವಾರಗಳಲ್ಲಿ ಫಲ ಕಣ್ಣಿಗೆ ಕಾಣುವ ಕೆಲಸವನ್ನು ಮೊದಲು ಕೈಗೆತ್ತಿಕೊಳ್ಳಿ. ಕುಸಿದ ಕಾಲುಸೇತುವೆ, ಹೂಳು ತುಂಬಿದ ಕಾಲುವೆ, ಗುಂಡೇಟಿನಿಂದ ತೂತಾದ ಶಾಲೆಯ ಮಾಡು, ದನಕರುಗಳಿಗೆ ಲಸಿಕೆ ಹಾಕಿಸುವುದು ಇವೆಲ್ಲ ಆ ಬಗೆಯವು. ನೇಪಾಳದಲ್ಲಿ 1996ರಿಂದ 2006ರವರೆಗೆ ನಡೆದ ಸಂಘರ್ಷದ ಅವಧಿಯಲ್ಲಿ, 2002ರ ನಂತರ ಚುನಾಯಿತ ಸ್ಥಳೀಯ ಸಂಸ್ಥೆಗಳೇ ಇಲ್ಲವಾದಾಗಲೂ ಸಮುದಾಯ ಅರಣ್ಯ ಬಳಕೆದಾರರ ಗುಂಪುಗಳು ಅನೇಕ ಹಳ್ಳಿಗಳಲ್ಲಿ ಸಭೆ ಸೇರುತ್ತಲೇ ಇದ್ದವು. ಸೌದೆ ಮತ್ತು ಮೇವು ಎಲ್ಲರಿಗೂ ಬೇಕಿದ್ದವು ಎಂಬುದೇ ಅದಕ್ಕೆ ಮುಖ್ಯ ಕಾರಣ. ಹೊಸದೊಂದು ‘ಯುವ ಶಾಂತಿ ಸಂಘ’ ಕಟ್ಟುವ ಮೊದಲು, ಹೀಗೆ ಉಸಿರು ಹಿಡಿದುಕೊಂಡಿರುವ ಹಳೆಯ ಸಂಘ ಊರಲ್ಲಿದೆಯೇ ಎಂದು ನೋಡಿ, ಇದ್ದರೆ ಅದರಲ್ಲಿ ಯುವಜನರಿಗೆ ಸ್ಥಾನ ಕೊಡಿಸಿ.

ಕೆಲಸ ಯಾವುದೆಂಬ ತೀರ್ಮಾನ ಯುವಜನರದಾಗಿರಲಿ, ಹಣದ ಲೆಕ್ಕವೂ ಅವರ ಕೈಯಲ್ಲಿರಲಿ. ಸಿಮೆಂಟಿನ ಬೆಲೆ ವಿಚಾರಿಸಿ ಬರುವುದು, ಎರಡು ಊರಿನಿಂದ ಒಬ್ಬೊಬ್ಬರು ಸೇರಿ ಹಣ ತೆಗೆಯುವುದು, ಖರ್ಚಿನ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸುವುದು ಇವು ಸಣ್ಣ ಸಂಗತಿಗಳೆನಿಸಬಹುದು. ಆದರೆ ಎದುರು ಕಡೆಯವನು ಚೀಲ ಎಣಿಸುವಾಗ ಮೋಸ ಮಾಡಲಿಲ್ಲ ಎಂಬ ಅನುಭವ ಕೊಡುವಷ್ಟು ನಂಬಿಕೆಯನ್ನು ಯಾವ ಭಾಷಣವೂ ಕೊಡಲಾರದು. ಕೆಲಸದಲ್ಲಿ ಜಗಳ ಬಂದೇ ಬರುತ್ತದೆ. ಯಾರ ಕಡೆಯ ದಡವನ್ನು ಮೊದಲು ಕಟ್ಟಬೇಕು, ಊಟದ ಹೊತ್ತಿನ ಮೇಲೂ ದುಡಿದವರು ಯಾರು ಎಂಬಂಥವು. ಆಗ ನೀವು ನಡುವೆ ನುಗ್ಗಿ ತೀರ್ಪು ಕೊಡಬೇಡಿ. ಮಧ್ಯಸ್ಥಿಕೆಯ ತರಬೇತಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು: ಇಬ್ಬರ ಮಾತನ್ನೂ ಪೂರ್ತಿ ಕೇಳುವುದು, ಕೇಳಿದ್ದನ್ನು ತಿರುಗಿ ಹೇಳಿ ಸರಿಯೇ ಎಂದು ಕೇಳುವುದು, ಬೇಡಿಕೆಯ ಹಿಂದಿನ ಅಗತ್ಯವೇನೆಂದು ಹುಡುಕುವುದು ಇವನ್ನು ಅಲ್ಲೇ, ಆ ದಡದ ಮೇಲೆಯೇ ಅಭ್ಯಾಸ ಮಾಡಿಸಿ.

ನಂಬಿಕೆ ಬೆಳೆದ ಮೇಲೆ ಹೆಚ್ಚಿನ ಹೊಣೆಯ ಕೆಲಸಗಳಿಗೆ ಹೋಗಬಹುದು. ಫಿಲಿಪ್ಪೀನ್ಸ್‌ನ ಮಿಂಡನಾವೊದಲ್ಲಿ ಸರ್ಕಾರ ಮತ್ತು ಬಂಡುಕೋರ ಸಂಘಟನೆಯಾದ ಮೊರೊ ಇಸ್ಲಾಮಿಕ್ ವಿಮೋಚನಾ ರಂಗದ ನಡುವಿನ ಕದನವಿರಾಮ ಪಾಲನೆಯಾಗುತ್ತಿದೆಯೇ ಎಂದು ಗಮನಿಸಲು 2003ರಲ್ಲಿ ಬಂತಾಯ್ ಸೀಸ್‌ಫೈರ್ ಎಂಬ ಜನರ ಜಾಲ ಹುಟ್ಟಿಕೊಂಡಿತು; ಸ್ಥಳೀಯ ಸ್ವಯಂಸೇವಕರು ಘಟನೆ ನಡೆದ ಜಾಗಕ್ಕೆ ಹೋಗಿ, ಜನರನ್ನು ಮಾತಾಡಿಸಿ, ಕಂಡದ್ದನ್ನು ಬಹಿರಂಗವಾಗಿ ವರದಿ ಮಾಡುತ್ತಿದ್ದರು. ಇಂಥದ್ದು ನಡೆಯುವುದಕ್ಕೆ ಮೊದಲು ಕದನವಿರಾಮದ ಒಪ್ಪಂದ ಇರಬೇಕು, ವೀಕ್ಷಕರನ್ನು ಎರಡೂ ಪಕ್ಷಗಳು ಸಹಿಸಿಕೊಳ್ಳುವಂತಿರಬೇಕು. ಇವೆರಡೂ ಇಲ್ಲದ ಕಡೆ ವೀಕ್ಷಣೆಯ ಕೆಲಸವನ್ನು ಯುವಜನರಿಗೆ ವಹಿಸುವುದು ಅವರನ್ನು ಕೈಯಾರೆ ಬೆಂಕಿಗೆ ನೂಕಿದಂತೆ.

ಗಾಳಿಸುದ್ದಿಯನ್ನು ಎದುರಿಸುವುದು

ಸಂಘರ್ಷದ ನಡುವೆ ಯುವಜನರು ಬೇರೆಲ್ಲರಿಗಿಂತ ಚೆನ್ನಾಗಿ ಮಾಡಬಲ್ಲ ಒಂದು ಕೆಲಸ ಇದು, ಏಕೆಂದರೆ ಫೋನ್ ಅವರ ಕೈಯಲ್ಲಿರುತ್ತದೆ. ರುವಾಂಡಾದಲ್ಲಿ 1993ರಲ್ಲಿ ಪ್ರಸಾರ ಆರಂಭಿಸಿದ ಆರ್‌ಟಿಎಲ್‌ಎಂ ಬಾನುಲಿ 1994ರಲ್ಲಿ ನಡೆದ ಟುಟ್ಸಿ ಜನಾಂಗದವರ ನರಮೇಧದ ದಿನಗಳಲ್ಲಿ ಹತ್ಯೆಗೆ ಹುರಿದುಂಬಿಸಿದ್ದು ಎಲ್ಲರಿಗೂ ಗೊತ್ತಿದೆ. ಆ ಮಾತು ಕೇಳಿ ಬೀದಿಗಿಳಿದ ಇಂಟರಾಹಾಮ್ವೆ ಎಂಬ ಹುಟು ಜನಾಂಗದ ಸಶಸ್ತ್ರ ಪಡೆಯಲ್ಲಿದ್ದವರು ಬಹುಪಾಲು ಯುವಕರೇ. ಪಕ್ಕದ ಬುರುಂಡಿಯಲ್ಲಿ 1995ರಲ್ಲಿ ಆರಂಭವಾದ ಸ್ಟುಡಿಯೊ ಇಜಾಂಬೊ ಎಂಬ ಬಾನುಲಿ ಸಂಸ್ಥೆ ಅದಕ್ಕೆ ಎದುರಾದ ದಾರಿ ಹಿಡಿದು, ಹುಟು ಮತ್ತು ಟುಟ್ಸಿ ಪತ್ರಕರ್ತರನ್ನು ಒಟ್ಟಿಗೆ ಸುದ್ದಿ ಸಂಗ್ರಹಕ್ಕೆ ಕಳುಹಿಸಿತು. ಒಂದು ಕಡೆಯವರ ಮುಂದೆ ಬಾಯಿ ಬಿಡದವರು ಇನ್ನೊಬ್ಬರ ಮುಂದೆ ಮಾತಾಡುತ್ತಿದ್ದರು.

ಹಳ್ಳಿಯ ಮಟ್ಟದಲ್ಲಿ ಇದಕ್ಕೆ ಬಾನುಲಿ ಕೇಂದ್ರ ಬೇಕಿಲ್ಲ. ಪ್ರತಿ ಊರಿನಿಂದ ಇಬ್ಬರನ್ನು, ಆದಷ್ಟು ಮಟ್ಟಿಗೆ ಒಬ್ಬ ಯುವಕ ಮತ್ತು ಒಬ್ಬ ಯುವತಿಯನ್ನು, ಆರಿಸಿ. ಎದುರು ಊರಿನ ಇಬ್ಬರ ಪರಿಚಯ ಅವರಿಗೆ ಮುಖತಃ ಆಗಿರಲಿ. ‘ಬೆಳಗಾಗುವುದರೊಳಗೆ ಆಚೆಯವರು ಬಂದು ಕಣಕ್ಕೆ ಬೆಂಕಿ ಹಚ್ಚುತ್ತಾರಂತೆ’ ಎಂಬ ಸುದ್ದಿ ಬಂತೆನ್ನಿ. ಸುದ್ದಿ ತಂದವರನ್ನು ಮೊದಲು ಕೇಳಬೇಕಾದದ್ದು: ನೀವೇ ಕಂಡಿರಾ, ಯಾರಿಂದಲಾದರೂ ಕೇಳಿದಿರಾ? ಕೇಳಿದ್ದಾದರೆ ಹೇಳಿದವರು ಆಗ ಎಲ್ಲಿದ್ದರು, ಯಾವ ಹೊತ್ತಿನಲ್ಲಿ? ಇಷ್ಟಕ್ಕೇ ಅರ್ಧದಷ್ಟು ಸುದ್ದಿಗಳು ಸೊರಗಿಹೋಗುತ್ತವೆ. ಉಳಿದದ್ದಕ್ಕೆ ಎದುರು ಊರಿನ ಜೊತೆಗಾರರಿಗೆ ಫೋನ್ ಮಾಡಿ, ‘ನಮ್ಮಲ್ಲಿ ಹೀಗೊಂದು ಮಾತು ಹಬ್ಬಿದೆ, ನಿಮ್ಮಲ್ಲಿ ಏನು ಕೇಳಿಬರುತ್ತಿದೆ?’ ಎಂದಷ್ಟೇ ವಿಚಾರಿಸಬೇಕು. ಯಾರು ಎಲ್ಲಿ ಸೇರಿದ್ದಾರೆ, ಎಷ್ಟು ಮಂದಿ ಎಂದು ಕೇಳಬಾರದು, ಹೇಳಲೂಬಾರದು. ಆಚೆ ಊರಿನಲ್ಲೂ ಇದೇ ಸುದ್ದಿ ತಿರುಗುಮುರುಗಾಗಿ ಓಡಾಡುತ್ತಿರುವುದು, ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಎಚ್ಚರವಿರುವುದು ಎಷ್ಟೋ ಸಲ ಹೀಗೆ ಹೊರಬೀಳುತ್ತದೆ.

ಊರಿಗೆ ತಿಳಿಸುವಾಗ ನಿಜ, ಸುಳ್ಳು, ಗೊತ್ತಾಗಿಲ್ಲ ಎಂಬ ಮೂರು ಮಾತುಗಳಷ್ಟೇ ಇರಲಿ. ಮೂರನೆಯದನ್ನು ಹೇಳಲು ಯುವಜನರು ಹಿಂಜರಿಯುತ್ತಾರೆ. ಆದರೆ ಗೊತ್ತಾಗದ್ದನ್ನು ಸುಳ್ಳೆಂದು ಒಮ್ಮೆ ಸಾರಿ, ಅದು ನಿಜವಾಗಿಬಿಟ್ಟರೆ, ಆ ಜಾಲವನ್ನು ಮುಂದೆ ಯಾರೂ ನಂಬುವುದಿಲ್ಲ. ಸುದ್ದಿ ನಿಜವೆಂದು ಕಂಡುಬಂದರೆ ಜನರನ್ನು ಸುರಕ್ಷಿತ ಜಾಗಕ್ಕೆ ಕರೆದೊಯ್ಯುವುದು ಮೊದಲ ಕೆಲಸ, ಮಾತುಕತೆ ಆಮೇಲೆ.

ಹಿರಿಯರ ಜೊತೆ

ಸಿಯೆರಾ ಲಿಯೋನ್‌ನ ಉದಾಹರಣೆ ಹೇಳಿದ ಮಾತ್ರಕ್ಕೆ ಹಿರಿಯರನ್ನು ಬದಿಗಿಟ್ಟು ಮುನ್ನಡೆಯಬಹುದೆಂದಲ್ಲ. ಯುವಕರು ಮಾಡಿಕೊಂಡ ಒಪ್ಪಂದವನ್ನು ಹಿರಿಯರು ಒಂದೇ ಮಾತಿನಲ್ಲಿ ಮುರಿಯಬಲ್ಲರು. ಹಿರಿಯರು ಮಾಡಿಕೊಂಡ ಒಪ್ಪಂದವನ್ನು ಯುವಕರು ಒಂದೇ ರಾತ್ರಿಯಲ್ಲಿ ಮುರಿಯಬಲ್ಲರು. ಇಬ್ಬರಿಗೂ ಇದು ಗೊತ್ತಿರುತ್ತದೆ, ಮಾತಿನಲ್ಲಿ ಒಪ್ಪಿಕೊಳ್ಳುವುದಿಲ್ಲ ಅಷ್ಟೆ. ಕೆಲಸ ಆರಂಭಿಸುವ ಮುನ್ನ ಹಿರಿಯರನ್ನು ಅವರವರ ಮನೆಗಳಲ್ಲಿ ಒಬ್ಬೊಬ್ಬರಾಗಿ ಕಾಣಿರಿ. ಅನುಮತಿ ಕೇಳುವ ಬದಲು ಪಾಲು ಕೇಳಿ: ಹಿಂದೆ ಇಂಥ ಜಗಳಗಳನ್ನು ಹೇಗೆ ತೀರಿಸುತ್ತಿದ್ದರು, ಯಾವ ಮಾತಿಗೆ ಎರಡೂ ಊರು ತಲೆಬಾಗುತ್ತಿದ್ದವು ಎಂಬುದನ್ನು ಯುವಜನರೇ ಅವರಿಂದ ಕೇಳಿ ತಿಳಿಯಲಿ. ಅದರ ಜೊತೆಗೇ, ದಂಡದ ಮೊತ್ತ, ಜಮೀನು ಹಂಚಿಕೆ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯವನ್ನು ಮುಚ್ಚಿಹಾಕುವುದು ಮುಂತಾದ ಕಹಿ ವಿಷಯಗಳು ಚರ್ಚೆಗೆ ಬರುವ ಒಂದು ನಿಗದಿತ ಸಭೆಯೂ ಇರಬೇಕು. ಇಂಥ ದೂರನ್ನು ಇಡೀ ಗುಂಪಿನ ಹೆಸರಿನಲ್ಲಿ ಮಂಡಿಸುವ ಪದ್ಧತಿ ಇಟ್ಟುಕೊಂಡರೆ ಒಬ್ಬರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಕಷ್ಟವಾಗುತ್ತದೆ.

ಶಸ್ತ್ರಧಾರಿಗಳೊಡನೆ ಮಾತು

ಈ ಮಾತುಕತೆಯ ಮುಂದಾಳುತನ ಯುವಜನರದಾಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಆದರೆ ಅವರಿಲ್ಲದೆಯೂ ಅದು ನಡೆಯಬಾರದು. ಕೊಲಂಬಿಯಾದ ಕರಾರೆ ನದಿಯ ಆಸುಪಾಸಿನ ರೈತರು 1987ರಲ್ಲಿ ಒಂದು ಸಂಘ ಕಟ್ಟಿಕೊಂಡು, ಗೆರಿಲ್ಲಾಗಳು, ಅರೆಸೇನಾ ಗುಂಪುಗಳು, ಸೈನ್ಯ ಇವರೆಲ್ಲರೊಡನೆಯೂ ನೇರವಾಗಿ ಮಾತಿಗೆ ಕುಳಿತರು. ಯಾರ ಪಕ್ಷವನ್ನೂ ವಹಿಸುವುದಿಲ್ಲ, ಆಯುಧ ಹಿಡಿಯುವುದಿಲ್ಲ, ಗುಟ್ಟಿನ ವ್ಯವಹಾರವಿಲ್ಲ ಎಂಬುದು ಅವರ ನಿಲುವಾಗಿತ್ತು. 1990ರ ಫೆಬ್ರವರಿಯಲ್ಲಿ ಸಿಮಿತಾರ್ರಾ ಪಟ್ಟಣದಲ್ಲಿ ಸಂಘದ ಮುಖಂಡರನ್ನು, ಅವರ ಜೊತೆಗಿದ್ದ ಪತ್ರಕರ್ತೆಯ ಸಮೇತ, ಗುಂಡಿಟ್ಟು ಕೊಂದರು. ಅದೇ ವರ್ಷ ಸಂಘಕ್ಕೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, ಸಂಘ ಮುಂದುವರಿಯಿತು. ಇಂಥ ಕೆಲಸದ ಫಲವನ್ನು ಹೇಳುವವರು ಅದಕ್ಕೆ ತೆತ್ತ ಬೆಲೆಯನ್ನೂ ಯುವಜನರಿಗೆ ಹೇಳಬೇಕು. ಮುಚ್ಚಿಟ್ಟು ಕರೆತರುವುದು ನೇಮಕಾತಿ ಏಜೆಂಟರ ರೀತಿ.

ಕರಾರೆಯ ರೀತಿಯಿಂದ ನಡವಳಿಕೆಯ ಮಟ್ಟದಲ್ಲಿ ತೆಗೆದುಕೊಳ್ಳಬಹುದಾದದ್ದು ಬಹಳಷ್ಟಿದೆ. ಮಾತಿಗೆ ಒಬ್ಬಂಟಿಯಾಗಿ ಹೋಗಬಾರದು. ಏನು ಕೇಳಬೇಕೆಂಬುದನ್ನು ಊರು ಮೊದಲೇ ಸೇರಿ ತೀರ್ಮಾನಿಸಿರಬೇಕು, ಹೋಗಿಬಂದವರು ನಡೆದದ್ದನ್ನು ಅದೇ ದಿನ ಊರಿಗೆ ಹೇಳಬೇಕು. ಕೋರಿಕೆ ಖಚಿತವಾಗಿರಬೇಕು: ‘ಶಾಲೆಯ ಆವರಣದಲ್ಲಿ ಬೀಡು ಬಿಡಬೇಡಿ’, ‘ಸಂತೆಯ ದಿನ ರಸ್ತೆ ತಡೆಯಬೇಡಿ’, ‘ಕರೆದೊಯ್ದ ಹುಡುಗ ಎಲ್ಲಿದ್ದಾನೆಂದು ತಾಯ್ತಂದೆಗೆ ತಿಳಿಸಿ’. ಒಂದು ಪಕ್ಷಕ್ಕೆ ಹೇಳಿದ ಮಾತನ್ನೇ ಇನ್ನೊಂದು ಪಕ್ಷಕ್ಕೂ ಹೇಳಬೇಕು. ಇಂಥ ಭೇಟಿಗಳು ಕಾನೂನಿನ ದೃಷ್ಟಿಯಲ್ಲಿ ಅಪರಾಧವೆನಿಸುವ ದೇಶಗಳೂ ಇವೆ. ಅಲ್ಲಿನ ವಕೀಲರ ಸಲಹೆಯಿಲ್ಲದೆ ಹೆಜ್ಜೆ ಇಡಬೇಡಿ.

ಮರಳಿ ಬಂದವರು ಮತ್ತು ದುಡಿಮೆ

ಬಂದೂಕು ಕೆಳಗಿಟ್ಟು ಊರಿಗೆ ಬಂದವರಿಗಷ್ಟೇ ನೆರವು ಕೊಟ್ಟರೆ, ಊರಲ್ಲೇ ಉಳಿದು ಎಲ್ಲವನ್ನೂ ಸಹಿಸಿದ ಯುವಕರು, ‘ನಾವೂ ಕಾಡಿಗೆ ಹೋಗಿದ್ದರೆ ಚೆನ್ನಾಗಿತ್ತು’ ಎನ್ನುತ್ತಾರೆ. ನೆರವು ಎರಡೂ ಬಗೆಯವರಿಗೆ ಒಟ್ಟಿಗೆ ಸಿಗುವಂತೆ ಯೋಜಿಸಿ. ಲೈಬೀರಿಯಾದಲ್ಲಿ ಮಾಜಿ ಹೋರಾಟಗಾರರಿಗೆ ಕೃಷಿ ತರಬೇತಿಯ ಜೊತೆ ಬಂಡವಾಳದ ನೆರವನ್ನೂ ಕೊಟ್ಟ ಕಾರ್ಯಕ್ರಮವೊಂದನ್ನು ಸಂಶೋಧಕರು ಹಿಂಬಾಲಿಸಿ ನೋಡಿದರು. 2010–11ರಲ್ಲಿ ಪಕ್ಕದ ಐವರಿ ಕೋಸ್ಟ್‌ನಲ್ಲಿ ಸಂಘರ್ಷ ಭುಗಿಲೆದ್ದು ಕೂಲಿ ಸೈನಿಕರಿಗೆ ಕರೆ ಬಂದಾಗ, ಬಂಡವಾಳದ ಮುಂದಿನ ಕಂತಿಗೆ ಕಾಯುತ್ತಿದ್ದವರು ಆ ಕಡೆ ಕಡಿಮೆ ಒಲವು ತೋರಿದ್ದರು. ಎಲ್ಲವನ್ನೂ ಒಮ್ಮೆಗೇ ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ, ಮುಂದೆ ಬರಲಿರುವುದರ ಭರವಸೆ ಇರುವಂತೆ ಕಂತುಗಳಲ್ಲಿ ಕೊಡುವುದು ಲೇಸೆಂದು ಇದರಿಂದ ತಿಳಿಯುತ್ತದೆ. ಭರವಸೆ ಕೊಟ್ಟ ಕಂತು ತಪ್ಪಿದರೆ ಆಗುವ ಕೆಡುಕನ್ನು ಬೇರೆ ಹೇಳಬೇಕಿಲ್ಲ.

ಸಂಘಟನೆಯನ್ನು ಅವರೇ ಕಟ್ಟಿಕೊಳ್ಳಲು ಬಿಡಿ. ಸಿಯೆರಾ ಲಿಯೋನ್‌ನಲ್ಲಿ ಯುದ್ಧ ಮುಗಿದ ಮೇಲೆ ಅನೇಕ ಮಾಜಿ ಹೋರಾಟಗಾರರು ಬಾಡಿಗೆಗೆ ಮೋಟಾರ್‌ಸೈಕಲ್ ಓಡಿಸತೊಡಗಿ, ತಮ್ಮದೇ ಸವಾರರ ಸಂಘಗಳನ್ನು ಕಟ್ಟಿಕೊಂಡರು. ಹಿಂದೆ ಬೇರೆ ಬೇರೆ ಪಡೆಗಳಲ್ಲಿದ್ದವರು ಆ ಸಂಘಗಳಲ್ಲಿ ಒಟ್ಟಿಗಿದ್ದರು. ಯಾವ ಪುನರ್ವಸತಿ ಯೋಜನೆಯೂ ಮೊದಲಿಗೆ ಅದನ್ನು ಊಹಿಸಿರಲಿಲ್ಲ. ಹೊಲಿಗೆ ಮತ್ತು ಬಡಗಿ ಕೆಲಸದ ತರಬೇತಿಗಳನ್ನೇ ಎಲ್ಲೆಡೆ ಹಂಚುವ ಮುನ್ನ, ಆ ಸೀಮೆಯಲ್ಲಿ ಯಾವ ಸೇವೆಗೆ ಜನ ನಿಜವಾಗಿ ಹಣ ಕೊಡಬಲ್ಲರು ಎಂದು ಅವರನ್ನೇ ಕೇಳಬೇಕು.

ಸಂಸ್ಥೆ ಹಿಂದೆ ಸರಿಯುವಾಗ

ಯೋಜನೆಯ ಅವಧಿ ಮುಗಿಯುವ ದಿನವನ್ನು ಮೊದಲ ಸಭೆಯಲ್ಲೇ ತಿಳಿಸಿ. ಕೊನೆಯ ಹಂತದಲ್ಲಿ ಹೊಸ ಹೊಣೆಗಳನ್ನು ಹೊರಿಸಬೇಡಿ. ಗಾಳಿಸುದ್ದಿಯ ಜಾಲಕ್ಕೆ ಬೇಕಾದ ಫೋನ್ ಖರ್ಚನ್ನು ಯಾರು ಭರಿಸುತ್ತಾರೆ, ಎರಡು ಊರಿನ ಜಂಟಿ ಹಣ ಯಾರ ಹೆಸರಿನಲ್ಲಿರುತ್ತದೆ, ಯುವಕನೊಬ್ಬನಿಗೆ ಬೆದರಿಕೆ ಬಂದರೆ ಅವನು ಯಾರ ಮನೆಗೆ ಹೋಗಬೇಕು ಎಂಬುದಕ್ಕೆ ಆ ಹೊತ್ತಿಗೆ ಉತ್ತರ ಸಿಕ್ಕಿರಬೇಕು. ಮೂರನೆಯ ಪ್ರಶ್ನೆಗೆ ಉತ್ತರ ಸಿಗದ ಊರುಗಳಲ್ಲಿ ಕಾಲುವೆ, ಶಾಲೆಯಂಥ ಕೆಲಸಗಳನ್ನಷ್ಟೇ ಉಳಿಸಿ, ವೀಕ್ಷಣೆ ಮತ್ತು ಮಾತುಕತೆಯ ಹೊಣೆಯಿಂದ ಯುವಜನರನ್ನು ಔಪಚಾರಿಕವಾಗಿ ಬಿಡುಗಡೆ ಮಾಡಿ, ಆ ಸಂಗತಿಯನ್ನು ಎರಡೂ ಪಕ್ಷಗಳಿಗೆ ನೀವೇ ತಿಳಿಸಿ, ನಂತರ ಹೊರಡಿ.